ಕಬ್ಬಿನ ಗಾಡಿ ಮೇಲೆ, ಪೈಪು ಕೆಳಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಬ್ಬು ಕಟಾವು ಶುರುವಾದರೆ ಈ ಅಂಕಣಕ್ಕೆ ಬರುವ ಪತ್ರಗಳ ದನಿಯೇ ಬದಲಾಗುತ್ತದೆ. ಪಂಪು, ಸ್ಟಾರ್ಟರು, ಕೇಬಲ್ಲು ಎಲ್ಲ ಹಿಂದಕ್ಕೆ ಹೋಗಿ ಒಂದೇ ಗೋಳು: ದಾರಿ ದಾಟುವ ಕಡೆ ಪೈಪು ಒಡೆಯಿತು. ಈ ಸಲ ಪೇಟೆಯಿಂದಲೂ ಅದೇ ಥರದ ಪತ್ರ ಬಂದಿದೆ, ಅಲ್ಲಿ ಕಬ್ಬಿನ ಗಾಡಿಯ ಬದಲು ನೀರಿನ ಟ್ಯಾಂಕರು, ಅಷ್ಟೇ ವ್ಯತ್ಯಾಸ. ಒಂದೇ ವಿಷಯದವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಬಾವಿಯಿಂದ ಹೊಲಕ್ಕೆ 110 ಎಂಎಂ ಪಿವಿಸಿ ಲೈನ್ ಇದೆ, 4 ಕೆಜಿ ಪೈಪು. ಬಂಡಿದಾರಿ ದಾಟುವಲ್ಲಿ ಒಂದೂವರೆ ಅಡಿ ಆಳ. ಎರಡು ವರ್ಷದಲ್ಲಿ ಅದೇ ಜಾಗದಲ್ಲಿ ಎರಡು ಸಲ ಒಡೆದಿದೆ ಸರ್. ಅಂಗಡಿಯವರು 6 ಕೆಜಿ ಪೈಪು ಹಾಕಿ ಅಂತಾರೆ. ಹಾಕಿದರೆ ಸಾಕಾ?
(ಮುಧೋಳ ಕಡೆಯ ರೈತ)

ಉತ್ತರ: ಸಾಕಾಗಲಿಕ್ಕಿಲ್ಲ. ಪೈಪು ಬದಲಿಸುವುದು ಬೇಡ ಅಂತಲ್ಲ. ಆದರೆ ಎರಡು ಸಲವೂ ಅದೇ ಜಾಗ ಅಂದರೆ ನನಗೆ ಅನುಮಾನ ಪೈಪಿನ ಮೇಲಲ್ಲ, ಗುಂಡಿ ಮುಚ್ಚಿದ ಮಣ್ಣಿನ ಮೇಲೆ. ಮೊದಲ ಸಲ ಒಡೆದಾಗ ಅಗೆದಿರಿ, ತುಂಡು ಸೇರಿಸಿದಿರಿ, ತೆಗೆದ ಮಣ್ಣನ್ನೇ ಹೆಂಟೆ ಸಮೇತ ಮೇಲೆ ಎಳೆದಿರಿ, ಕಾಲಲ್ಲಿ ನಾಲ್ಕು ಸಲ ತುಳಿದಿರಿ, ಅಲ್ವಾ? ಹಾಗಿದ್ದರೆ ಎರಡನೆಯ ಸಲ ಒಡೆಯುವುದಕ್ಕೆ ಅವತ್ತೇ ತಯಾರಿ ಆಯಿತು.

ಪ್ಲಾಸ್ಟಿಕ್ ಪೈಪು ತಾನೊಂದೇ ಭಾರ ಹೊರುವ ಸಾಮಾನಲ್ಲ. ಮನೆಯಲ್ಲಿ ಒಂದು ಆಟ ಆಡಿ ನೋಡಿ. ನೀರಿನ ಖಾಲಿ ಬಾಟಲಿಯ ನಡುವಿನಿಂದ ಎರಡು ಬೆರಳು ಅಗಲದ ಬಳೆ ಕತ್ತರಿಸಿ. ಮೇಜಿನ ಮೇಲೆ ಗಾಲಿಯ ಹಾಗೆ ನಿಲ್ಲಿಸಿ ಒಂದು ಬೆರಳಲ್ಲಿ ಒತ್ತಿದರೆ ಚಪ್ಪಟೆ. ಈಗ ಅದರ ಎರಡೂ ಬಾಯಿಗೆ ಕಾಗದ ಅಂಟಿಸಿ, ಪಾತ್ರೆಯೊಳಗೆ ಹಾಗೇ ನಿಲ್ಲಿಸಿ, ಅಕ್ಕಪಕ್ಕ ರಾಗಿ ಸುರಿದು ಬೆರಳಿಂದ ಒತ್ತಿ ಒತ್ತಿ ತುಂಬಿ. ಮೇಲೆ ಎರಡು ಬೆರಳು ರಾಗಿ ಮುಚ್ಚಿ ಅಂಗೈಯಿಂದ ಒತ್ತಿ. ಬಳೆ ಅಲ್ಲಾಡುವುದೇ ಇಲ್ಲ. ಬಳೆ ಅದೇ, ಕೈ ಅದೇ, ಬದಲಾದದ್ದು ಪಕ್ಕದ ರಾಗಿ ಮಾತ್ರ.

ನೆಲದೊಳಗೂ ಹೀಗೇ. ತಲೆ ಮೇಲೆ ಭಾರ ಬಿದ್ದಾಗ ಪೈಪು ಮೇಲಿಂದ ಕುಗ್ಗಿ ಪಕ್ಕಕ್ಕೆ ಉಬ್ಬಲು ನೋಡುತ್ತದೆ. ಪಕ್ಕದ ಮಣ್ಣು ಬಿಗಿಯಾಗಿದ್ದರೆ ಉಬ್ಬಲು ಬಿಡುವುದಿಲ್ಲ, ಪಕ್ಕಕ್ಕೆ ಉಬ್ಬಲಾಗದ್ದು ಕೆಳಕ್ಕೂ ಕುಗ್ಗಲಾರದು. ಇನ್ನೊಂದು ಲಾಭವೂ ಇದೆ. ಪೈಪು ಒಂದೆರಡು ಮಿಲಿಮೀಟರ್ ಬಗ್ಗಿಕೊಡುತ್ತದಲ್ಲ, ಆಗ ಅದರ ತಲೆ ಮೇಲಿನ ಮಣ್ಣೂ ಚೂರು ಇಳಿಯುತ್ತದೆ, ಇಳಿಯುವಾಗ ಅಕ್ಕಪಕ್ಕದ ಮಣ್ಣಿಗೆ ತೆಕ್ಕೆ ಹಾಕಿಕೊಂಡು ಕಮಾನಿನ ಹಾಗೆ ಭಾರದ ಒಂದಷ್ಟು ಪಾಲನ್ನು ಅತ್ತ ದಾಟಿಸುತ್ತದೆ. ಬಗ್ಗುವುದು ಪೈಪಿನ ದೋಷವಲ್ಲ, ಅದರ ಜಾಣತನ. ಆದರೆ ಬಗ್ಗುವುದಕ್ಕೂ ಮಿತಿ ಉಂಟು. ಸಾಮಾನ್ಯವಾಗಿ ವ್ಯಾಸದ 5 ಶೇಕಡಾ ಒಳಗೆ ಇರಲಿ ಅನ್ನುತ್ತಾರೆ. ನಿಮ್ಮ 110 ಎಂಎಂಗೆ ಅದು ಐದೂವರೆ ಮಿಲಿಮೀಟರ್. 30 ಶೇಕಡಾ ಹತ್ತಿರ ಹೋದರೆ ತಲೆಭಾಗ ಒಳಮುಖವಾಗಿ ಮಗುಚಿಕೊಳ್ಳುತ್ತದೆ, ಆಮೇಲೆ ಅದನ್ನು ಪೈಪು ಅನ್ನುವ ಹಾಗಿಲ್ಲ.

ಇನ್ನು ಆಳದ ಲೆಕ್ಕ. ಟ್ರೇಲರಿನ ಒಂದು ಗಾಲಿಯ ಮೇಲೆ 5 ಟನ್ ಅಂತಿಟ್ಟುಕೊಳ್ಳಿ. ಮೇಲಿನ ಭಾರ ನೆಲದೊಳಗೆ ಹೇಗೆ ಹರಡುತ್ತದೆ ಅನ್ನುವ ಲೆಕ್ಕವನ್ನು ಫ್ರಾನ್ಸಿನ ಬೂಸಿನೆಸ್ಕ್ 1885ರಲ್ಲೇ ಮಾಡಿಟ್ಟಿದ್ದಾನೆ. ಅದರ ಪ್ರಕಾರ ಆಳ ಎರಡರಷ್ಟಾದರೆ ಒತ್ತಡ ಕಾಲುಭಾಗಕ್ಕೆ ಇಳಿಯುತ್ತದೆ. ನಿಮ್ಮ ಒಂದೂವರೆ ಅಡಿಯಲ್ಲಿ ಗಾಲಿಯ ನೇರ ಕೆಳಗೆ ಚದರ ಮೀಟರಿಗೆ ಸುಮಾರು ಹನ್ನೊಂದೂವರೆ ಟನ್. 3 ಅಡಿಯಲ್ಲಿ ಸುಮಾರು 3 ಟನ್. 6 ಅಡಿಗೆ ಹೋದರೆ ಮುಕ್ಕಾಲು ಟನ್ನೂ ಸಿಗುವುದು ಕಷ್ಟ.

ಹಾಗಾದರೆ ಆರು ಅಡಿ ತೋಡೋಣವಾ ಅಂತ ಕೇಳಬೇಡಿ. ಆಳಕ್ಕೆ ಹೋದಷ್ಟೂ ಮಣ್ಣಿನದೇ ಭಾರ ಏರುತ್ತದೆ. ಒಂದು ಘನ ಮೀಟರ್ ಮಣ್ಣು ಹತ್ತಿರ ಹತ್ತಿರ 1.8 ಟನ್ ತೂಗುತ್ತದೆ. ಒಂದೂವರೆ ಅಡಿಯಲ್ಲಿ ಮಣ್ಣಿನ ಪಾಲು 0.8 ಟನ್, 3 ಅಡಿಯಲ್ಲಿ 1.6, 6 ಅಡಿಯಲ್ಲಿ 3.3. ಎರಡನ್ನೂ ಕೂಡಿಸಿ ನೋಡಿ: ಒಂದೂವರೆ ಅಡಿಯಲ್ಲಿ ಹನ್ನೆರಡೂ ಕಾಲು ಟನ್, ಮೂರು ಅಡಿಯಲ್ಲಿ ನಾಲ್ಕೂವರೆ, ನಾಲ್ಕೂವರೆ ಅಡಿಯಲ್ಲಿ ಮೂರೂ ಮುಕ್ಕಾಲು, ಆರು ಅಡಿಯಲ್ಲಿ ಮತ್ತೆ ನಾಲ್ಕು. ಅಂದರೆ ಮೂರು ಅಡಿ ದಾಟಿದ ಮೇಲೆ ಆಳ ಮಾಡಿ ಸಿಗುವ ಲಾಭ ಅಷ್ಟಕ್ಕಷ್ಟೇ, ಜೆಸಿಬಿ ಬಾಡಿಗೆ ದಂಡ.

ಗಾಲಿ ಕುಪ್ಪಳಿಸುವ ಏಟೂ ಇದೆ. ಅಮೆರಿಕದ ಹೆದ್ದಾರಿಯವರ ಹಳೆಯ ನಿಯಮದಲ್ಲಿ ಒಂದು ಅಡಿಗಿಂತ ಕಮ್ಮಿ ಮಣ್ಣಿದ್ದರೆ ಗಾಲಿಯ ಭಾರಕ್ಕೆ 30 ಶೇಕಡಾ ಸೇರಿಸಬೇಕು, ಒಂದರಿಂದ ಎರಡು ಅಡಿಗೆ 20, ಎರಡರಿಂದ ಮೂರಕ್ಕೆ 10, ಮೂರು ದಾಟಿದರೆ ಏನೂ ಬೇಡ. ಇಲ್ಲೂ ಆ ಮೂರು ಅಡಿಯೇ ಬರುತ್ತದೆ ನೋಡಿ. ನಿಮ್ಮ ಬಂಡಿದಾರಿಯಲ್ಲಿ ಗುಂಡಿ ಮುಚ್ಚಿದ ಜಾಗ ತಗ್ಗಾಗಿ ಪ್ರತಿ ಗಾಡಿ ಅಲ್ಲೇ ದಡಕ್ಕಂತ ಇಳಿಯುತ್ತಿದ್ದರೆ ಏಟು ಇನ್ನೂ ಜಾಸ್ತಿ.

ಟ್ರ್ಯಾಕ್ಟರನ್ನು ಸುಮ್ನೆ ಬೈಯಬೇಡಿ. ಅದರ ಹಿಂದಿನ ದೊಡ್ಡ ಟೈರಿನಲ್ಲಿ ಗಾಳಿ ಕಮ್ಮಿ, ಅಗಲ ಜಾಸ್ತಿ, ಭಾರ ಹರಡಿಕೊಳ್ಳುತ್ತದೆ. ಹಿಂದೆ ಬರುವ ಟ್ರೇಲರಿನದು ಲಾರಿ ಟೈರು, ಬಿಗಿ ಗಾಳಿ, ಮೇಲೆ ಬೆಟ್ಟದಂಥ ಕಬ್ಬು. ತಪ್ಪೆಲ್ಲ ಹಿಂದಿನವನದು.

ಈಗ ಕೆಲಸಕ್ಕೆ ಬರೋಣ. ದಾರಿಯ ಎರಡೂ ಕಡೆ ಮೂರು ಮೂರು ಅಡಿ ಹೆಚ್ಚಿಗೆ ಸೇರಿಸಿ ಅಷ್ಟುದ್ದ ಮಾತ್ರ ಅಗೆಯಿರಿ. ಮೇಲೆ ಮೂರು ಅಡಿ ಮಣ್ಣು ಕೂರುವಷ್ಟು ಆಳ. ಅಗಲ ಪೈಪಿನ ಆಚೀಚೆ ಒಂದೊಂದು ಪಾದ ಇಟ್ಟು ನಿಲ್ಲುವಷ್ಟಿದ್ದರೆ ಸಾಕು. ತಳದಲ್ಲಿ ಕಲ್ಲು ಆರಿಸಿ ನಾಲ್ಕು ಬೆರಳು ಮರಳು ಅಥವಾ ಸಣ್ಣ ಗರಸು ಹಾಸಿ. ಪೈಪು ಇಟ್ಟ ಮೇಲೆ ಎಲ್ಲರೂ ತಪ್ಪು ಮಾಡುವ ಜಾಗ ಬರುತ್ತದೆ: ಪೈಪಿನ ಹೊಟ್ಟೆಯ ಕೆಳಗೆ, ಎರಡೂ ಮಗ್ಗುಲಿನ ಸಂದಿ. ಅಲ್ಲಿಗೆ ಗುದ್ದಲಿ ಹೋಗುವುದಿಲ್ಲ. ಕೈಯಿಂದ ಮರಳು ತಳ್ಳಿ ಒಂದು ಬಡಿಗೆಯ ತುದಿಯಿಂದ ಜಡಿಯಬೇಕು. ಆಮೇಲೆ ಎರಡೂ ಕಡೆ ಸಮಸಮ, ಅರ್ಧ ಅಡಿಗೊಂದು ಪದರ, ಪ್ರತಿ ಪದರಕ್ಕೂ ದಮ್ಮಸು. ಪೈಪಿನ ತಲೆ ಮೇಲೆ ಒಂದಡಿ ಮಣ್ಣು ಬೀಳುವವರೆಗೆ ಯಂತ್ರ ಹತ್ತಿರ ಬರಬಾರದು. ಜೆಸಿಬಿಯವನು ಬಕೆಟ್ಟಿನಿಂದ ಎರಡು ಏಟು ಹೊಡೆದು "ಗಟ್ಟಿ ಆಯ್ತು ಅಣ್ಣಾ" ಅಂದರೆ ನಂಬಬೇಡಿ, ಗಟ್ಟಿಯಾಗಬೇಕಾದದ್ದು ಪಕ್ಕ, ಅವನು ಹೊಡೆದದ್ದು ತಲೆ ಮೇಲೆ.

ಇದನ್ನು ಹೇಳುವ ನಾನೇ ಒಮ್ಮೆ ಎಡವಿದ್ದೇನೆ. ಚಿಕ್ಕಪ್ಪನ ತೋಟದಲ್ಲಿ ಲೈನ್ ಎಳೆಸುವಾಗ ಸಂಜೆಯಾಗಿತ್ತು, ಮಳೆ ಬರುವ ಹಾಗಿತ್ತು, ದಾರಿ ಪಕ್ಕದ ಇಪ್ಪತ್ತು ಅಡಿ ತಳಕ್ಕೆ ಏನೂ ಹಾಸದೆ ಮುಚ್ಚಿಸಿಬಿಟ್ಟೆ. ಎಂಟು ತಿಂಗಳಿಗೆ ಅಲ್ಲೇ ನೀರು ಉಕ್ಕಿತು. ಅಗೆದು ನೋಡಿದರೆ ಪೈಪು ದುಂಡಗೇ ಇದೆ, ಕೆಳಗೆ ಮುಷ್ಟಿಯಷ್ಟು ದೊಡ್ಡ ಕಲ್ಲೊಂದು ಒತ್ತಿ ಅದೇ ಜಾಗದಲ್ಲಿ ಬಿರುಕು. ಚಿಕ್ಕಪ್ಪ ಏನೂ ಅನ್ನಲಿಲ್ಲ. ಆ ಕಲ್ಲನ್ನು ಮಾತ್ರ ತೊಳೆದು ಪಡಸಾಲೆಯ ಕಿಟಕಿಯಲ್ಲಿಟ್ಟಿದ್ದಾರೆ, ನಾನು ಹೋದಾಗಲೆಲ್ಲ ಕಾಣುತ್ತದೆ.

ಪ್ರಶ್ನೆ: ದಾರಿ ದಾಟುವಲ್ಲಿ ಪೈಪಿನ ಸುತ್ತ ಕಾಂಕ್ರೀಟ್ ಸುರಿದುಬಿಟ್ಟರೆ ತಲೆನೋವೇ ಇಲ್ಲ ಅಂತ ಮೇಸ್ತ್ರಿ ಹೇಳುತ್ತಾರೆ. ಚಪ್ಪಡಿ ಹಾಸಿದರೂ ಆಗುತ್ತದಂತೆ. ಯಾವುದು ಒಳ್ಳೆಯದು?
(ಮಂಡ್ಯ ಜಿಲ್ಲೆ)

ಉತ್ತರ: ಎರಡಕ್ಕಿಂತ ಹ್ಯೂಮ್ ಪೈಪ್, ಅಂದರೆ ಕಂಬಿ ಹಾಕಿದ ಕಾಂಕ್ರೀಟ್ ಕೊಳವೆ, ಒಳ್ಳೆಯದು. ಅದನ್ನು ದಾರಿಯ ಕೆಳಗೆ ಹೂತು, ಅದರೊಳಗೆ ನಿಮ್ಮ ಪಿವಿಸಿ ಪೈಪನ್ನು ತೂರಿಸಿ. ಭಾರ ಹೊರುವವನು ಬೇರೆ, ನೀರು ಹೊರುವವನು ಬೇರೆ. ಮುಂದೆ ಸೋರಿದರೆ ದಾರಿ ಅಗೆಯದೆ ಒಳಗಿನದನ್ನು ಎಳೆದು ತೆಗೆಯಬಹುದು. ಕೊಳ್ಳುವಾಗ ಎನ್‌ಪಿ2, ಎನ್‌ಪಿ3, ಎನ್‌ಪಿ4 ಅಂತ ವರ್ಗ ಕೇಳಿ. ಎನ್‌ಪಿ2 ಹಗುರ ಭಾರಕ್ಕೆ, ಎನ್‌ಪಿ3 ಮಧ್ಯಮಕ್ಕೆ, ಎನ್‌ಪಿ4 ಭಾರಿ ಗಾಡಿಗೆ. ಅಗ್ಗ ಅಂತ ಎನ್‌ಪಿ2 ತಂದು ಕಬ್ಬಿನ ದಾರಿಗೆ ಹಾಕಬೇಡಿ.

ಕಾಂಕ್ರೀಟ್ ಪೈಪು ಬಗ್ಗುವ ಜಾತಿಯಲ್ಲ ಅನ್ನುವುದು ನೆನಪಿರಲಿ. ಅದರ ಅಕ್ಕಪಕ್ಕದ ಮಣ್ಣು ಕುಸಿದರೂ ಅದು ಮಾತ್ರ ಹಾಗೇ ನಿಲ್ಲುತ್ತದೆ, ಆಗ ಸುತ್ತಲಿನ ಮಣ್ಣಿನ ಭಾರವೂ ಅದರ ಮೇಲೇ ಜೋತುಬೀಳುತ್ತದೆ. ಸೋತರೆ ಚಪ್ಪಟೆಯಾಗುವುದಿಲ್ಲ, ಒಳಗೆ ಮೇಲೆ ಕೆಳಗೆ, ಹೊರಗೆ ಎರಡು ಪಕ್ಕ ಉದ್ದಕ್ಕೆ ಸೀಳುತ್ತದೆ. ಹಾಗಾಗಿ ಅದರ ಕೆಳಗೂ ಹಾಸು ಸರಿಯಾಗಿರಬೇಕು.

ಪಿವಿಸಿ ಮೇಲೆ ನೇರ ಕಾಂಕ್ರೀಟ್ ಸುರಿಯುವುದು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಕಂಬಿ ಇಲ್ಲದ ನಾಲ್ಕು ಇಂಚು ಕಾಂಕ್ರೀಟು ಗಾಲಿಯ ಕೆಳಗೆ ಬಿರುಕು ಬಿಡುತ್ತದೆ, ಆ ಬಿರುಕಿನ ಅಂಚೇ ಪೈಪನ್ನು ಒತ್ತುತ್ತದೆ. ಕಾಂಕ್ರೀಟು ಮುಗಿದು ಮೆತ್ತನೆ ಮಣ್ಣು ಶುರುವಾಗುವ ಗಡಿ ಇನ್ನೂ ಅಪಾಯ. ಒಂದು ಕಡೆ ಕಲ್ಲಿನಂತೆ ಹಿಡಿದುಕೊಂಡಿದೆ, ಇನ್ನೊಂದು ಕಡೆ ಇಳಿಯುತ್ತಿದೆ, ಪೈಪು ಅಲ್ಲೇ ಮುರಿಯುತ್ತದೆ. ಸುರಿಯುವಾಗ ಖಾಲಿ ಪೈಪು ಹಸಿ ಕಾಂಕ್ರೀಟಿನಲ್ಲಿ ತೇಲಿ ಮೇಲೆ ಬರುವುದೂ ಉಂಟು. ಮೇಸ್ತ್ರಿಯನ್ನು ಕೇಳಿ ನೋಡಿ, ಅವರ ಅನುಭವಕ್ಕೂ ಬಂದಿರುತ್ತದೆ.

ಚಪ್ಪಡಿ ಆಗುತ್ತದೆ, ಒಂದು ಷರತ್ತಿನ ಮೇಲೆ. ಚಪ್ಪಡಿಯ ಎರಡು ತುದಿ ಗುಂಡಿಯಾಚೆಯ ಅಗೆಯದ ಗಟ್ಟಿ ನೆಲದ ಮೇಲೆ ಕನಿಷ್ಠ ಒಂದೊಂದು ಅಡಿ ಕೂರಬೇಕು. ಆಗ ಅದು ಹಳ್ಳದ ಮೇಲಿನ ಕಲ್ಲುಸೇತುವೆಯಂತೆ ಭಾರವನ್ನು ಆಚೀಚೆ ದಾಟಿಸುತ್ತದೆ. ಪೈಪಿಗೂ ಚಪ್ಪಡಿಗೂ ನಡುವೆ ಮೆತ್ತನೆ ಮಣ್ಣಿರಲಿ. ಗುಂಡಿಯಷ್ಟೇ ಅಗಲದ ಚಪ್ಪಡಿ ತಂದು ಪೈಪಿನ ತಲೆ ಮೇಲೆ ಇಟ್ಟರೆ ಗಾಲಿಯ ಭಾರವನ್ನು ನೇರ ಅದರ ನೆತ್ತಿಗೇ ಕಳಿಸಿದ ಹಾಗೆ.

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಹೂತ ಪೈಪು ಭಾರಕ್ಕೆ ಎಷ್ಟು ಕುಗ್ಗುತ್ತದೆ ಅಂತ ಹೇಳುವ ಅಯೋವಾ ಸೂತ್ರ ಪಾಠದಲ್ಲಿ ಬಂತು. ಅದರಲ್ಲಿ 0.061 ಅನ್ನುವ ಅಂಕಿ ಎಲ್ಲಿಂದ ಬಂತು, ಆ ಹೆಸರು ಯಾಕೆ? ಮೇಷ್ಟ್ರು ಬಾಯಿಪಾಠ ಮಾಡಿ ಅಂದರು.
(ಹುಬ್ಬಳ್ಳಿಯ ವಿದ್ಯಾರ್ಥಿನಿ)

ಉತ್ತರ: ಬಾಯಿಪಾಠ ಮಾಡಿಕೊಳ್ಳಿ, ಪರೀಕ್ಷೆ ಇದೆ. ಜೊತೆಗೆ ಇದನ್ನೂ ಓದಿ, ಈ ಕತೆ ಶುರುವಾಗುವುದೇ ರೈತರಿಂದ.

ಅಯೋವಾ ಅಮೆರಿಕದ ಜೋಳದ ನಾಡು. ಜೌಗು ಹೊಲಗಳ ನೀರು ಬಸಿಯಲು ಅಲ್ಲಿನವರು ನೆಲದಡಿ ಮಣ್ಣಿನ ಮತ್ತು ಕಾಂಕ್ರೀಟಿನ ಕೊಳವೆ ಹೂಳುತ್ತಿದ್ದರು, ಅವು ಮೇಲಿನ ಮಣ್ಣಿನ ಭಾರಕ್ಕೇ ಸೀಳುತ್ತಿದ್ದವು. ಅಲ್ಲಿನ ಕಾಲೇಜಿನ ಎಂಜಿನಿಯರಿಂಗ್ ಡೀನ್ ಆನ್ಸನ್ ಮಾರ್ಸ್ಟನ್ 1913ರಲ್ಲಿ ಗುಂಡಿಯೊಳಗಿನ ಕೊಳವೆ ಮೇಲೆ ಎಷ್ಟು ಭಾರ ಬೀಳುತ್ತದೆ ಅನ್ನುವ ಲೆಕ್ಕ ಪ್ರಕಟಿಸಿದ. ಗುಂಡಿ ಅಗಲವಾದಷ್ಟೂ ಭಾರ ಏರುತ್ತದೆ ಅನ್ನುವುದು ಅಲ್ಲಿಂದಲೇ ಬಂದದ್ದು. ಅವನ ಶಿಷ್ಯ ಮರ್ಲಿನ್ ಸ್ಪ್ಯಾಂಗ್ಲರ್ ತಗಡಿನ ಬಾಗುವ ಕೊಳವೆಗಳನ್ನು ಹಿಡಿದುಕೊಂಡು ಕೂತ. ಮಾರ್ಸ್ಟನ್ ಲೆಕ್ಕ ಅವಕ್ಕೆ ಹೊಂದುತ್ತಿರಲಿಲ್ಲ. ಭಾರ ತಡೆಯುವುದು ಪಕ್ಕದ ಮಣ್ಣು ಅಂತ ಸ್ಪ್ಯಾಂಗ್ಲರ್ ಗುರುತಿಸಿದ, 1941ರಲ್ಲಿ ಸೂತ್ರ ಕೊಟ್ಟ. 1958ರಲ್ಲಿ ರೆನಾಲ್ಡ್ ವಾಟ್ಕಿನ್ಸ್ ಅವನ ಜೊತೆ ಸೇರಿ ಅದನ್ನು ತಿದ್ದಿದ. ಇವತ್ತು ನೀವು ಓದುವುದು ಆ ತಿದ್ದಿದ ರೂಪ.

0.061 ಬರುವುದು ಸ್ಪ್ಯಾಂಗ್ಲರ್ ಮಾಡಿಕೊಂಡ ಒಂದು ಊಹೆಯಿಂದ. ಪೈಪು ಪಕ್ಕಕ್ಕೆ ಉಬ್ಬಿದಾಗ ಮಣ್ಣು ತಿರುಗಿ ಒತ್ತುತ್ತದಲ್ಲ, ಆ ಒತ್ತಡ ಪ್ರತಿ ಮಗ್ಗುಲಲ್ಲಿ ನಡುವಿನ 100 ಡಿಗ್ರಿಯಷ್ಟು ಜಾಗದಲ್ಲಿ ಬಿಲ್ಲಿನಾಕಾರದಲ್ಲಿ ಹರಡಿರುತ್ತದೆ, ನಡುವೆ ಜಾಸ್ತಿ, ಅಂಚಿಗೆ ಸೊನ್ನೆ. ಆ ಬಿಲ್ಲಿನ ಲೆಕ್ಕ ಬಿಡಿಸಿದರೆ ಉಳಿಯುವ ಅಂಕಿಯೇ ಅದು.

ಅಂಕಿಗಿಂತ ಮುಖ್ಯ ಸೂತ್ರದ ಆಕಾರ. ಮೇಲೆ ಭಾರ, ಕೆಳಗೆ ಎರಡು ಪಾಲು: ಪೈಪಿನ ಬಿಗಿತ ಒಂದು, ಮಣ್ಣಿನ ಬಿಗಿತ ಇನ್ನೊಂದು. ಒಂದು ಲೆಕ್ಕ ಮಾಡಿ. ಎಸ್‌ಎನ್4 ವರ್ಗದ ಪೈಪು ತೆಗೆದುಕೊಳ್ಳಿ, ಎಸ್‌ಎನ್ ಅಂದರೆ ಪೈಪಿನ ಬಿಗಿತದ ದರ್ಜೆ. ಪೈಪಿನ ಪಾಲು ಸುಮಾರು 32 ಕಿಲೋಪ್ಯಾಸ್ಕಲ್. ಮಣ್ಣಿನ ಬಿಗಿತಕ್ಕೆ ಅಮೆರಿಕದ ಬ್ಯೂರೋ ಆಫ್ ರಿಕ್ಲಮೇಶನ್‌ನ ಏಮ್‌ಸ್ಟರ್ ಹೋವರ್ಡ್ 1977ರಲ್ಲಿ ಕೊಟ್ಟ ಪಟ್ಟಿ ಹಿಡಿಯಿರಿ. ಜೇಡಿ ಮಣ್ಣನ್ನು ಸುಮ್ನೆ ಸುರಿದರೆ 50 ಪಿಎಸ್‌ಐ, ಅಂದರೆ ಸುಮಾರು 345 ಕಿಲೋಪ್ಯಾಸ್ಕಲ್. ಅದನ್ನು 0.061ರಿಂದ ಗುಣಿಸಿದರೆ 21. ಜಲ್ಲಿಯನ್ನು ಹಾಗೇ ಸುರಿದರೂ 1000 ಪಿಎಸ್‌ಐ, ಅದರ ಪಾಲು 420.

ಈಗ ಮೇಲಿಂದ 100 ಕಿಲೋಪ್ಯಾಸ್ಕಲ್ ಭಾರ ಹಾಕಿ, ಹಾಸಿನ ಗುಣಾಂಕ 0.1 ಹಿಡಿಯಿರಿ. ಜೇಡಿಯಲ್ಲಿ ಪೈಪು ಸುಮಾರು 19 ಶೇಕಡಾ ಕುಗ್ಗುತ್ತದೆ. ಜಲ್ಲಿಯಲ್ಲಿ 2 ಚಿಲ್ಲರೆ. ಪೈಪು ಅದೇ! ಇನ್ನು ಮಣ್ಣು ಬದಲಿಸದೆ ದುಪ್ಪಟ್ಟು ಬಿಗಿಯ ಎಸ್‌ಎನ್8 ಪೈಪು ತಂದು ಜೇಡಿಯಲ್ಲೇ ಹೂತರೆ ಎಷ್ಟು ಗೊತ್ತಾ? ಸುಮಾರು 12. ದುಡ್ಡು ಹೆಚ್ಚು ಕೊಟ್ಟೂ ಮಿತಿಯ ಎರಡರಷ್ಟು. ಮುಧೋಳದವರಿಗೆ ಮೇಲೆ ಕೊಟ್ಟ ಉತ್ತರಕ್ಕೆ ಆಧಾರ ಇದೇ.

ಹಾಸಿನ ಗುಣಾಂಕದ ಬಗ್ಗೆ ಒಂದು ಮಾತು. ಪೈಪು ಬರೀ ಒಂದು ಗೆರೆಯ ಮೇಲೆ ಕೂತಿದ್ದರೆ 0.110, ಅರ್ಧ ಹೊಟ್ಟೆಯವರೆಗೆ ಹಾಸಿನಲ್ಲಿ ಕೂತಿದ್ದರೆ 0.083. ವ್ಯತ್ಯಾಸ ಸಣ್ಣದು. ಇದನ್ನು ನೋಡಿ ಕೆಲವರು ಹಾಸು ಮುಖ್ಯವಲ್ಲ ಅಂದುಕೊಳ್ಳುತ್ತಾರೆ. ಸೂತ್ರ ಕಲ್ಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ನಮ್ಮ ಚಿಕ್ಕಪ್ಪನ ಕಿಟಕಿಯಲ್ಲಿರುವಂಥ ಕಲ್ಲನ್ನು.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಡ್ರೈವ್‌ವೇ ಕೆಳಗೆ 160 ಎಂಎಂ ಒಳಚರಂಡಿ ಪೈಪು ಹೋಗಿದೆ. ದಿನಾ ನೀರಿನ ಟ್ಯಾಂಕರ್ ಅದರ ಮೇಲೇ ಬರುತ್ತದೆ. ಆರು ತಿಂಗಳಿಗೊಮ್ಮೆ ಕಟ್ಟಿಕೊಳ್ಳುತ್ತಿದೆ. ಪೈಪು ಚಪ್ಪಟೆಯಾಗಿದೆಯೋ ಅಂತ ನೆಲ ಅಗೆಯದೆ ತಿಳಿಯುವುದು ಹೇಗೆ?
(ಬೆಂಗಳೂರು)

ಉತ್ತರ: ಸುಲಭ. ಒಂದು ಚೇಂಬರಿನ ಮುಚ್ಚಳ ತೆಗೆದು ಟಾರ್ಚ್ ಬಿಡಿ, ಮುಂದಿನ ಚೇಂಬರಿನಲ್ಲಿ ಕನ್ನಡಿ ಹಿಡಿದು ನೋಡಿ. ಇಳಿಯಬೇಡಿ, ಮೇಲಿಂದಲೇ, ಕೋಲಿಗೆ ಕನ್ನಡಿ ಕಟ್ಟಿಕೊಂಡು. ಬೆಳಕು ಹುಣ್ಣಿಮೆ ಚಂದ್ರನಂತೆ ಕಂಡರೆ ಸರಿ. ಮೇಲಿಂದ ಅಮುಕಿದಂತೆ ಕಂಡರೆ ಚಪ್ಪಟೆ. ಅರ್ಧಚಂದ್ರ ಕಂಡರೆ ನಡುವೆ ಎಲ್ಲೋ ಪೈಪು ಜೋತುಬಿದ್ದು ನೀರು ನಿಂತಿದೆ. ಇನ್ನೂ ಖಚಿತ ಬೇಕೆಂದರೆ ಒಳವ್ಯಾಸದ 95 ಶೇಕಡಾ ಅಳತೆಯ ಮರದ ಗುಂಡು ಮಾಡಿಸಿ, ಎರಡೂ ಕಡೆ ಹಗ್ಗ ಕಟ್ಟಿ ಎಳೆಸಿ. ಎರಡೂ ಕಡೆ, ಮರೆಯಬೇಡಿ. ಒಂದೇ ಕಡೆ ಕಟ್ಟಿ ಎಳೆದು ಗುಂಡು ನಡುವೆ ಸಿಕ್ಕಿಕೊಂಡರೆ ಆಮೇಲೆ ನಿಜವಾದ ಕಟ್ಟಿಕೊಳ್ಳುವಿಕೆ.

ನನ್ನ ಊಹೆ ಹೇಳುವುದಾದರೆ ನಿಮ್ಮದು ಚಪ್ಪಟೆಗಿಂತ ಜೋತುಬಿದ್ದ ಕೇಸು. ಆರು ಸಾವಿರ ಲೀಟರಿನ ಟ್ಯಾಂಕರ್ ಅಂದರೆ ಬರೀ ನೀರೇ 6 ಟನ್, ಮೇಲೆ ಲಾರಿಯ ತೂಕ. ಸಾಮಾನ್ಯವಾಗಿ ಅದರಲ್ಲಿ ದೊಡ್ಡ ಪಾಲು ಹಿಂದಿನ ಆಕ್ಸಲ್ ಮೇಲೆ. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂಟಿ ಆಕ್ಸಲ್ಲಿನ ಮಿತಿಯನ್ನು 10.2 ಟನ್ನಿನಿಂದ 11.5ಕ್ಕೆ ಏರಿಸಿತು, ಅದಕ್ಕೂ ಮುಂಚೆ ಹೂತ ಪೈಪುಗಳನ್ನು ಯಾರೂ ಕೇಳಲಿಲ್ಲ ಬಿಡಿ. ಒತ್ತಡದ ಲೈನಿನಲ್ಲಿ ಒಳಗಿನ ನೀರೇ ಪೈಪನ್ನು ದುಂಡಗೆ ಹಿಡಿದು ಸ್ವಲ್ಪ ಆಸರೆ ಕೊಡುತ್ತದೆ. ಒಳಚರಂಡಿಯಲ್ಲಿ ಆ ಆಸರೆಯೂ ಇಲ್ಲ. ಮೇಲಾಗಿ ಅಲ್ಲಿ ಇಳಿಜಾರೇ ಜೀವ. ಪೈಪು ಒಂದಿಷ್ಟೂ ಚಪ್ಪಟೆಯಾಗದೆ ಒಂದು ಕಡೆ ಎರಡು ಸೆಂಟಿಮೀಟರ್ ಕುಸಿದರೂ ಸಾಕು, ಅಲ್ಲಿ ಹೊಲಸು ತಂಗಿ ತಂಗಿ ಕಟ್ಟಿಕೊಳ್ಳುತ್ತದೆ.

ಇನ್ನೊಂದನ್ನು ನೋಡಿ. ಬೂದು ಬಣ್ಣದ ಎಸ್‌ಡಬ್ಲ್ಯುಆರ್ ಪೈಪನ್ನೇ ಹೂತಿದ್ದಾರೋ ಅಥವಾ ನೆಲದಡಿ ಒಳಚರಂಡಿಗೆಂದೇ ಐಎಸ್ 15328 ಗುರುತಿನಲ್ಲಿ ಬರುವ ಪೈಪನ್ನೋ? ಗೋಡೆಗುಂಟ ಬಚ್ಚಲು ನೀರು ಇಳಿಸುವ ಪೈಪನ್ನು ಟ್ಯಾಂಕರಿನ ಕೆಳಗೆ ಹೂಳುವುದು ನಮ್ಮ ಕಟ್ಟಡಗಳಲ್ಲಿ ಮಾಮೂಲು. ಮೇಲೆ ಪೇವರ್ ಬ್ಲಾಕ್ ಹಾಸಿ ಗಟ್ಟಿ ಅಂದುಕೊಳ್ಳುತ್ತಾರೆ. ಬಿಡಿಬಿಡಿ ಬ್ಲಾಕು, ಅದೂ ಕೆಳಗೆ ಸರಿಯಾಗಿ ದಮ್ಮಸು ಮಾಡದ ಮಣ್ಣಿನ ಮೇಲೆ, ಭಾರವನ್ನು ಅಷ್ಟಾಗಿ ಹರಡುವುದಿಲ್ಲ. ಕಂಬಿ ಹಾಕಿದ ಆರು ಇಂಚಿನ ಕಾಂಕ್ರೀಟ್ ಹಾಸು ಚೆನ್ನಾಗಿ ಹರಡುತ್ತದೆ. ಅಷ್ಟು ಖರ್ಚು ಬೇಡ ಅಂದರೆ ಟ್ಯಾಂಕರನ್ನು ಗೇಟಿನ ಹತ್ತಿರವೇ ನಿಲ್ಲಿಸಿ ಮೆದುಗೊಳವೆ ಎಳೆದುಕೊಳ್ಳಿ. ಸಂಘದ ಸಭೆಯಲ್ಲಿ ಇದನ್ನು ಒಪ್ಪಿಸುವುದು ಪೈಪು ರಿಪೇರಿಗಿಂತ ಕಷ್ಟ ಅಂತ ನನಗೂ ಗೊತ್ತು.

ಪ್ರಶ್ನೆ: ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆಗಾಲದಲ್ಲಿ ಉಬ್ಬು. ನೀವು ಹೇಳುವ ಪಕ್ಕದ ಮಣ್ಣಿನ ಆಸರೆ ಇಲ್ಲಿ ಎಲ್ಲಿಂದ ಬರಬೇಕು ಸರ್?
(ಗದಗ ಕಡೆ)

ಉತ್ತರ: ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಎರೆಮಣ್ಣಿನ ಆಸರೆ ಋತುವಿಗೆ ತಕ್ಕ ಆಸರೆ. ಬೇಸಿಗೆಯಲ್ಲಿ ಅದು ಒಣಗಿ ಕುಗ್ಗಿ ಪೈಪಿನ ಮಗ್ಗುಲು ಬಿಟ್ಟು ಹಿಂದೆ ಸರಿಯುತ್ತದೆ. ಮಳೆಯಲ್ಲಿ ಹಿಗ್ಗಿ ಒತ್ತುತ್ತದೆ, ಅದೇ ಹೊತ್ತಿಗೆ ಮೆತ್ತಗಾಗುತ್ತದೆ, ಗಾಲಿ ಹೂತುಕೊಳ್ಳುವಷ್ಟು. ಹೂತ ಗಾಲಿ ಅಂದರೆ ಪೈಪಿನ ಮೇಲಿನ ಆಳವೂ ಅಷ್ಟು ಕಮ್ಮಿಯಾದ ಹಾಗೆ! ಒಂದೂವರೆ ಅಡಿ ಆಳದ ಪೈಪಿನ ಮೇಲೆ ಅರ್ಧ ಅಡಿ ಜಾಡು ಬಿದ್ದರೆ ಉಳಿದದ್ದು ಒಂದೇ ಅಡಿ. ಮೇಲಿನ ಲೆಕ್ಕದಲ್ಲಿ ಗಾಲಿಯ ಒತ್ತಡ ಎರಡರಷ್ಟನ್ನೂ ದಾಟುತ್ತದೆ.

ಹಾಗಾಗಿ ದಾರಿ ದಾಟುವ ಕಡೆ ಎರೆಮಣ್ಣನ್ನು ಪೈಪಿನ ಹತ್ತಿರಕ್ಕೂ ಬಿಡಬೇಡಿ. ಸುತ್ತ ಗರಸು ಅಥವಾ ಮರಳು ಹೊರಗಿನಿಂದ ತಂದು ತುಂಬಿ. ಎರಡು ಟ್ರ್ಯಾಕ್ಟರ್ ಲೋಡು ಗರಸಿಗೆ ಆಗುವ ಖರ್ಚು ನೋಡಿ ಹಿಂಜರಿಯುತ್ತಾರೆ. ಉಳಿದ ಹೊಲದುದ್ದಕ್ಕೂ ಬೇಡ, ಅಲ್ಲಿ ನೇಗಿಲಿಗೆ ಸಿಗದಷ್ಟು ಆಳವಿದ್ದರೆ ನಡೆಯುತ್ತದೆ. ಆದರೆ ಮರಳು ತುಂಬಿದ ಗುಂಡಿ ಎರೆಯಲ್ಲಿ ನೀರಿನ ಬಾನಿಯಾಗುತ್ತದೆ, ದಾರಿಯ ಪಕ್ಕದಲ್ಲಿ ನೀರು ಹೊರಹೋಗಲು ಸಣ್ಣ ಕಾಲುವೆ ತೆಗೆಯಿರಿ. ಮೇಲಿನ ಜಾಡು ತುಂಬಿ ಸ್ವಲ್ಪ ಉಬ್ಬಿಸಿಡಿ.

ಮಣ್ಣು ಕೂರಲಿ ಅಂತ ಗುಂಡಿಗೆ ನೀರು ಬಿಡುವ ಅಭ್ಯಾಸ ಉಂಟಲ್ಲ, ಅದು ಮರಳಿಗೆ ಸರಿ. ಎರೆಗೆ ಬಿಟ್ಟರೆ ಕೆಸರು. ಖಾಲಿ ಪೈಪು ಇದ್ದರಂತೂ ತೇಲಿ ಮೇಲೆದ್ದು ಕೂರುತ್ತದೆ.

ಪ್ರಶ್ನೆ: 4 ಕೆಜಿ, 6 ಕೆಜಿ ಅನ್ನುವುದು ಮೇಲಿನ ಭಾರ ತಡೆಯುವ ಲೆಕ್ಕವಾ? ಎಚ್‌ಡಿಪಿಇ ಮೆತ್ತಗಿರುತ್ತದಲ್ಲ, ಅದು ಬೇಗ ಚಪ್ಪಟೆಯಾಗಲ್ವಾ?
(ಹಾವೇರಿ ಮತ್ತು ಚಿಕ್ಕೋಡಿಯಿಂದ ಇಬ್ಬರು)

ಉತ್ತರ: ಅಲ್ಲ, ಅದು ಒಳಗಿನ ನೀರಿನ ಒತ್ತಡದ ಲೆಕ್ಕ, ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಅಂತ. ಆದರೆ ಒತ್ತಡ ತಡೆಯಲು ಗೋಡೆ ದಪ್ಪ ಮಾಡಿರುತ್ತಾರೆ, ಅದರ ಲಾಭ ಹೊರಗಿನ ಭಾರಕ್ಕೂ ಸಿಗುತ್ತದೆ. ಅದೂ ದೊಡ್ಡ ಲಾಭ: ಗೋಡೆ ಒಂದೂವರೆ ಪಟ್ಟು ದಪ್ಪವಾದರೆ ಬಿಗಿತ ಮೂರು ಪಟ್ಟು ದಾಟುತ್ತದೆ, ಎರಡು ಪಟ್ಟಾದರೆ ಎಂಟು ಪಟ್ಟು. ಅಂಗಡಿಯವರು 6 ಕೆಜಿ ಹಾಕಿ ಅಂದದ್ದರಲ್ಲಿ ಹುರುಳಿದೆ, ಅದೊಂದೇ ಸಾಲದು ಅಷ್ಟೇ. ಎಚ್‌ಡಿಪಿಇ ಮೆತ್ತಗೆ ನಿಜ, ಆದರೆ ಸೀಳುವುದು ಕಮ್ಮಿ. ಪಿವಿಸಿ ಕಲ್ಲಿನೇಟಿಗೆ ಸಿಡಿಯುವ ಕಡೆ ಅದು ತಗ್ಗಿ ಉಳಿಯುತ್ತದೆ. ಮಧ್ಯೆ ಜೋಡಣೆ ಇಲ್ಲದೆ ದಾರಿ ದಾಟಿಸಬಹುದಾದ್ದರಿಂದ ಅಲ್ಲಿಗೆ ನನ್ನ ಮೊದಲ ಆಯ್ಕೆ ಅದೇ. ಪಿವಿಸಿಯೇ ಹಾಕುವುದಾದರೆ ಜೋಡಣೆ ಗಾಲಿಯ ಜಾಡಿನ ಕೆಳಗೆ ಬಾರದ ಹಾಗೆ ತುಂಡು ಹೊಂದಿಸಿಕೊಳ್ಳಿ.

ಪ್ರಶ್ನೆ: ಹೂತು ಎಷ್ಟು ದಿನದ ಮೇಲೆ ಗಾಡಿ ಬಿಡಬಹುದು? ವರ್ಷ ಕಳೆದಂತೆ ಪೈಪು ಕುಗ್ಗುತ್ತಲೇ ಹೋಗುತ್ತದಾ?
(ಅಥಣಿ)

ಉತ್ತರ: ದಮ್ಮಸು ಸರಿಯಾಗಿದ್ದರೆ ಮಾರನೆಯ ದಿನವೇ ಬಿಡಿ. ಇಲ್ಲದಿದ್ದರೆ ತಿಂಗಳು ಬಿಟ್ಟರೂ ಅಷ್ಟೇ. ಕುಗ್ಗುವುದರ ಬಹುಪಾಲು ಮೊದಲ ಕೆಲವು ವಾರದಲ್ಲಿ, ಮೊದಲ ಜೋರು ಮಳೆಗೆ ಮಣ್ಣು ಕೂರುವಾಗ ಆಗಿಹೋಗುತ್ತದೆ. ಆಮೇಲೆ ನಿಧಾನವಾಗಿ ಇನ್ನೂ ಸ್ವಲ್ಪ ಆಗಬಹುದು ಅಂತ ಲೆಕ್ಕದಲ್ಲಿ ಒಂದೂವರೆ ಪಟ್ಟು ಹಿಡಿಯುತ್ತಾರೆ. ಗಾಲಿಯ ಭಾರ ಮಾತ್ರ ಬಂದು ಹೋಗುವ ನೆಂಟ, ಅದಕ್ಕೆ ಆ ಒಂದೂವರೆ ಪಟ್ಟು ಬೇಡ.

ಪ್ರಶ್ನೆ: ಇಷ್ಟೆಲ್ಲ ಯಾಕೆ ಸ್ವಾಮಿ? ನಮ್ಮಪ್ಪ ಇಪ್ಪತ್ತೈದು ವರ್ಷದ ಹಿಂದೆ ಒಂದೇ ಅಡಿ ಆಳದಲ್ಲಿ ಹೂತ ಪೈಪು ಇವತ್ತಿಗೂ ಗಟ್ಟಿಯಾಗಿದೆ. ಈಗಿನ ಪೈಪೇ ಕಳಪೆ.
(ತುಮಕೂರು ಜಿಲ್ಲೆ)

ಉತ್ತರ: ಕಳಪೆ ಪೈಪು ಬರುವುದಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಅವತ್ತು ಆ ದಾರಿಯಲ್ಲಿ ಏನು ಓಡಾಡುತ್ತಿತ್ತು? ಎತ್ತಿನ ಗಾಡಿ ಲೋಡು ಸಮೇತ ಒಂದು ಟನ್ ಅಂದುಕೊಳ್ಳಿ, ಗಾಲಿಗೆ ಅರ್ಧ ಟನ್. ಈಗಿನ ಟ್ರೇಲರಿನ ಗಾಲಿಗೆ 5 ಟನ್ ಅಂದರೆ ಅದೇ ಆಳದಲ್ಲಿ ಹತ್ತು ಪಟ್ಟು. ಜೊತೆಗೆ ಅಪ್ಪ ಗುಂಡಿಯನ್ನು ಕೈಯಲ್ಲಿ ಅಗೆದಿರುತ್ತಾರೆ, ಕಿರಿದಾಗಿ. ಹೆಂಟೆ ಒಡೆದು ಪುಟ್ಟಿಯಲ್ಲಿ ಸುರಿದು ತುಳಿದು ಮುಚ್ಚಿರುತ್ತಾರೆ. ಜೆಸಿಬಿ ಮೂರು ಅಡಿ ಅಗಲಕ್ಕೆ ತೋಡಿ ಒಂದೇ ಏಟಿಗೆ ತಳ್ಳಿ ಹೋಗುವ ಕೆಲಸ ಅದಲ್ಲ. ಇಪ್ಪತ್ತೈದು ಮಳೆಗಾಲಕ್ಕೆ ಆ ಮಣ್ಣು ಈಗ ಅಗೆಯದ ನೆಲದಷ್ಟೇ ಬಿಗಿಯಾಗಿರುತ್ತದೆ. ಅದನ್ನು ಕೆದಕಲು ಹೋಗಬೇಡಿ. ಹೊಸ ವಾಲ್ವ್ ಕೂರಿಸಬೇಕು ಅಂತೇನಾದರೂ ಇದ್ದರೆ ದಾರಿಯಿಂದ ಹತ್ತಡಿ ಆಚೆ ಕೂರಿಸಿ, ಗಾಲಿ ಓಡುವ ಕಡೆಯ ಮಣ್ಣಿಗೆ ಗುದ್ದಲಿ ತಾಗಿಸಬೇಡಿ.